ಸಂತೆಯ ಚಿತ್ರದಲ್ಲಿ ನಮ್ಮ ಊರಿನವರು ಎಲ್ಲಿದ್ದಾರೆ?

ಶಾಲಾ ಪಠ್ಯಪುಸ್ತಕ ಹಾಗೂ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಸುವ ಅಧಿಕಾರಿಗಳಿಗೆ, ಸಂಪಾದಕರಿಗೆ, ಅನಿಮೇಷನ್ ನಿರ್ಮಾಪಕರಿಗೆ ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ಮಕ್ಕಳ ಪುಸ್ತಕವೊಂದರ ಸಂತೆಯ ಚಿತ್ರವನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಯಾವ ಪುಸ್ತಕ, ಯಾರ ಚಿತ್ರ ಎಂದು ಹೇಳುವ ಅಗತ್ಯವಿಲ್ಲ. ನಿಮ್ಮ ಕಪಾಟಿನಲ್ಲಿ ಹುಡುಕಿದರೆ ಇದರ ಒಡಹುಟ್ಟಿದವು ಬೇಕಾದಷ್ಟು ಸಿಗುತ್ತವೆ. ತರಕಾರಿ ಮಾರುವವಳು, ಕೊಳ್ಳುವವಳು, ಮೀನಿನ ಬುಟ್ಟಿ ಹೊತ್ತವಳು, ಪೊಲೀಸ್, ಪೋಸ್ಟ್‌ಮ್ಯಾನ್, ಬಲೂನು ಹಿಡಿದ ಹುಡುಗ. ಸೀರೆ ಬೇರೆ, ಮೀಸೆ ಬೇರೆ, ಟೊಪ್ಪಿ ಬೇರೆ. ಅವುಗಳನ್ನು ತೆಗೆದಿಟ್ಟರೆ ಉಳಿಯುವುದು ಒಂದೇ ಮೈ: ಸಪೂರ ಸೊಂಟ, ನೆಟ್ಟಗಿನ ಬೆನ್ನು, ಸಮನಾದ ಭುಜ, ಒಂದೇ ಅಳತೆಯ ಕಾಲು. ಅಜ್ಜಿಯೆಂದರೆ ಅದೇ ಹುಡುಗಿಗೆ ಬಿಳಿ ಕೂದಲು ಮತ್ತು ಕನ್ನಡಕ. ತೋರ ಇರುವವರು ಇಡೀ ಪುಟದಲ್ಲಿ ಇಬ್ಬರೇ. ಒಬ್ಬರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಸಾಹುಕಾರರು, ಇನ್ನೊಬ್ಬ ಎರಡು ಕೈಯಲ್ಲಿ ಎರಡು ಲಾಡು ಹಿಡಿದ ಬಾಲಕ.

ನಾನು ಬದಿಯಡ್ಕದ ಕಡೆಯವಳು. ಮಕ್ಕಳ ಕಥೆಗಳಿಗೆ ಚಿತ್ರ ಬರೆಯುವುದು ನನ್ನ ಉದ್ಯೋಗ. ರಜೆಯಲ್ಲಿ ಹತ್ತಿರದ ಮಕ್ಕಳಿಗೆ ಚಿತ್ರ ಹೇಳಿಕೊಡುವುದೂ ಇದೆ. ನಮ್ಮ ಜಿಲ್ಲೆಯನ್ನು ಸಪ್ತಭಾಷೆಗಳ ನಾಡು ಎಂದು ವೇದಿಕೆಗಳಲ್ಲಿ ಹೊಗಳುತ್ತಾರೆ. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲವೂ ಸಂಜೆಯ ಬಸ್ಸಿನಲ್ಲಿ ಒಟ್ಟಿಗೆ ಕೇಳಿಸುವುದು ನಿಜ. ಆದರೆ ಆ ಬಸ್ಸಿನಲ್ಲಿ ಎಷ್ಟು ಬಗೆಯ ಮೈಕಟ್ಟುಗಳಿವೆ ಎಂದು ಯಾರೂ ಭಾಷಣ ಮಾಡಿದ್ದನ್ನು ನಾನು ಕೇಳಿಲ್ಲ. ನನ್ನ ಕೋರಿಕೆ ಅಷ್ಟೇ: ಆ ಬಸ್ಸಿನಲ್ಲಿರುವವರನ್ನು ಪುಸ್ತಕಕ್ಕೆ ಹತ್ತಿಸಿ. ಹತ್ತಿಸುವಾಗ ಯಾರ ಮೈಯನ್ನೂ ಅವರ ಗುಣಕ್ಕೆ ಅಂಟಿಸಿದ ಚೀಟಿಯನ್ನಾಗಿ ಮಾಡಬೇಡಿ.

ಒಬ್ಬ ಪ್ರಕಾಶಕರಿಗೆ (ಹೆಸರು ಬೇಡ, ಸಭ್ಯರು, ಸಂಭಾವನೆಯನ್ನೂ ಸಮಯಕ್ಕೆ ಸರಿಯಾಗಿ ಕೊಟ್ಟವರು) ಗಣಿತದ ಟೀಚರೊಬ್ಬರ ಚಿತ್ರ ಕಳುಹಿಸಿದ್ದೆ. ಐವತ್ತರ ಆಸುಪಾಸಿನ ವಯಸ್ಸು, ತುಂಬಿದ ತೋಳು, ಅಗಲ ಸೊಂಟ, ಬೆರಳಲ್ಲಿ ಸೀಮೆಸುಣ್ಣ. ಮರಳಿ ಬಂದ ಸೂಚನೆ ಹೀಗಿತ್ತು: ‘ಟೀಚರನ್ನು ಸ್ವಲ್ಪ ಸಪೂರ ಮಾಡಿ, ಹೀಗಿದ್ದರೆ ಮಕ್ಕಳು ನಗುತ್ತಾರೆ.’ ಕಥೆಯಲ್ಲಿ ನಗುವ ಸಂದರ್ಭವೇ ಇರಲಿಲ್ಲ. ಆಕೆ ಭಿನ್ನರಾಶಿ ಕಲಿಸುತ್ತಿದ್ದರು. ಭಿನ್ನರಾಶಿಗೆ ನಕ್ಕ ಮಗುವನ್ನು ನಾನು ಈವರೆಗೆ ಕಂಡಿಲ್ಲ. ಮಕ್ಕಳು ನಗುತ್ತಾರಾದರೆ ಅದನ್ನು ಅವರಿಗೆ ಕಲಿಸಿದವರು ಯಾರು? ತೋರ ಇರುವವರನ್ನು ಜಾರಿ ಬೀಳಿಸಲು, ಕುರ್ಚಿ ಮುರಿಸಲು, ತಟ್ಟೆ ನೆಕ್ಕಿಸಲು ಮಾತ್ರ ಪುಸ್ತಕಕ್ಕೆ ಕರೆದ ನಾವೇ ಅಲ್ಲವೇ? ಅದೇ ಪ್ರಕಾಶಕರು ಇನ್ನೊಂದು ಪುಸ್ತಕದ ಬಕಾಸುರನನ್ನು ‘ಇನ್ನಷ್ಟು ದಪ್ಪ ಮಾಡಿ’ ಎಂದಿದ್ದರು. ಅದಕ್ಕೆ ಮಾತ್ರ ಯಾವ ಅಳುಕೂ ಇರಲಿಲ್ಲ.

ಒಂದು ಚಿತ್ರಕ್ಕೆ ಎಷ್ಟು ಬಲವಿದೆ ಎಂಬುದು ನಿಮ್ಮ ವಲಯಕ್ಕೆ ತಿಳಿಯದ ಸಂಗತಿಯಲ್ಲ. 2024ರ ಜೂನ್‌ನಲ್ಲಿ ಕೇರಳದ ಶಾಲೆಗಳು ತೆರೆದಾಗ ಮೂರನೇ ತರಗತಿಯ ಹೊಸ ಪಠ್ಯಪುಸ್ತಕದ ಒಂದು ಚಿತ್ರ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಅಡುಗೆಮನೆಯ ನೆಲದ ಮೇಲೆ ಕುಳಿತು ಅಪ್ಪ ತೆಂಗಿನಕಾಯಿ ತುರಿಯುತ್ತಿದ್ದಾನೆ. ನನಗೆ ಬಹಳ ಸಂತೋಷವಾಯಿತು, ನಮ್ಮ ನೆರೆಮನೆಯ ಕೆಲವು ಗಂಡಸರಿಗೆ ಅಷ್ಟೇನೂ ಆಗಲಿಲ್ಲ. ಯಾವ ಕೆಲಸ ಯಾರದ್ದು ಎಂಬ ಹಳೆಯ ಲೆಕ್ಕವನ್ನು ಒಂದು ಚಿತ್ರದಿಂದ ಅಲುಗಿಸಲು ಬಂದವರಿಗೆ, ಯಾವ ಮೈ ಯಾವ ಗುಣದ್ದು ಎಂಬ ಲೆಕ್ಕವನ್ನೂ ಅಲುಗಿಸಲು ಬರಬೇಕು.

ಈ ಲೆಕ್ಕ ಎಲ್ಲಿಂದ ಬಂತು ಎಂದು ಚಿತ್ರ ಕಲಿತ ಯಾರನ್ನು ಕೇಳಿದರೂ ಹೇಳುತ್ತಾರೆ. ಪಾತ್ರ ವಿನ್ಯಾಸದ ಮೊದಲ ಪಾಠದಲ್ಲೇ ವೃತ್ತ, ಚೌಕ, ತ್ರಿಕೋನ ಹೇಳಿಕೊಡುತ್ತಾರೆ. ವೃತ್ತದಿಂದ ಕಟ್ಟಿದವನು ಸಾಧು, ಚೌಕದವನು ಬಲಶಾಲಿ, ಚೂಪು ಮೂಲೆಗಳವನು ಖಳ. ಎರಡನೆಯ ಪಾಠದಲ್ಲಿ ಮನುಷ್ಯರನ್ನು ಮೂರು ಗುಂಪು ಮಾಡುತ್ತಾರೆ: ಸಪೂರ, ಕಟ್ಟುಮಸ್ತು, ದುಂಡಗೆ. ಈ ಮೂರು ಗುಂಪು 1940ರ ದಶಕದಲ್ಲಿ ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮಾಡಿದ ವಿಂಗಡಣೆ. ಕಾಲೇಜು ಹುಡುಗರ ಫೋಟೊಗಳನ್ನು ಅಳೆದು ಅವನು ಮೈಕಟ್ಟುಗಳನ್ನು ವರ್ಗ ಮಾಡಿದ. ಅಲ್ಲಿಗೇ ನಿಲ್ಲದೆ ಯಾವ ಮೈಗೆ ಯಾವ ಸ್ವಭಾವ ಎಂದೂ ಬರೆದ. ದುಂಡಗಿನವನು ಆರಾಮಪ್ರಿಯ, ಸಪೂರದವನು ಅಂತರ್ಮುಖಿ, ಕಟ್ಟುಮಸ್ತಿನವನು ಸಾಹಸಿ. ಸ್ವಭಾವದ ಈ ಭಾಗವನ್ನು ಮನಶ್ಶಾಸ್ತ್ರ ಯಾವಾಗಲೋ ಕೈಬಿಟ್ಟಿದೆ. ಚಿತ್ರಶಾಲೆ ಬಿಟ್ಟಿಲ್ಲ. ಸುಲಭವಲ್ಲವೇ? ಪಾತ್ರ ಬಾಯಿ ತೆರೆಯುವ ಮೊದಲೇ ಅದು ಎಂಥದ್ದೆಂದು ಓದುಗನಿಗೆ ತಿಳಿದುಬಿಡುತ್ತದೆ, ಕಥೆಗಾರನಿಗೆ ಎರಡು ವಾಕ್ಯ ಉಳಿತಾಯವಾಗುತ್ತದೆ.

ಇನ್ನುಳಿದ ಕಾರಣಗಳು ಹಣದವು, ಅವುಗಳನ್ನು ನಾನು ಅಲ್ಲಗಳೆಯುವುದಿಲ್ಲ. ಅನಿಮೇಷನ್‌ನಲ್ಲಿ ಒಂದು ಮೈಗೆ ಒಮ್ಮೆ ಮೂಳೆ, ಕೀಲುಗಳ ಕಟ್ಟು ಕೂರಿಸಿದರೆ ಅದೇ ಕಟ್ಟಿನಲ್ಲಿ ಹತ್ತು ಪಾತ್ರಗಳನ್ನು ನಡೆಸಬಹುದು. ಹನ್ನೊಂದನೆಯವನು ಕುಳ್ಳಗೆ ಅಗಲವಾಗಿದ್ದರೆ ಅವನ ನಡಿಗೆಯನ್ನು ಹೊಸದಾಗಿ ಮಾಡಬೇಕು. ಪುಸ್ತಕದವರು ಸಿದ್ಧ ಚಿತ್ರಗಳನ್ನು ಕೊಂಡು ಬಣ್ಣ ಬದಲಿಸುತ್ತಾರೆ. ಈಗಂತೂ ಯಂತ್ರಕ್ಕೆ ಹೇಳಿ ಬರೆಸುವ ಕಾಲ. ಅದು ತಾನು ನೋಡಿದ ಕೋಟಿಗಟ್ಟಲೆ ಚಿತ್ರಗಳಲ್ಲಿ ಯಾವುದು ಹೆಚ್ಚಿತ್ತೋ ಅದನ್ನೇ ಮತ್ತೆ ಹಡೆಯುತ್ತದೆ. ಪುಟಕ್ಕೆ ಇಂತಿಷ್ಟು, ನಾಳೆ ಬೆಳಿಗ್ಗೆಯೊಳಗೆ ಬೇಕು ಎಂದರೆ ಚಿತ್ರಕಾರ ಕಿಟಕಿಯಾಚೆ ನೋಡುವುದಿಲ್ಲ, ಹಳೆಯ ಕಡತ ತೆರೆಯುತ್ತಾನೆ.

ಆದರೆ ‘ನಮ್ಮ ಪರಂಪರೆಯಲ್ಲಿ ಸುಂದರ ದೇಹಕ್ಕೆ ಒಂದು ಪ್ರಮಾಣವಿದೆ’ ಎಂದು ಸಂಪಾದಕರು ಹೇಳಿದಾಗ ನನಗೆ ಸುಮ್ಮನಿರಲು ಆಗುವುದಿಲ್ಲ. ಯಾವ ಪರಂಪರೆ? ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಪುರುಷರನ್ನು ಐದು ಬಗೆಯಾಗಿ ಹೇಳುತ್ತದೆ: ಹಂಸ, ಭದ್ರ, ಮಾಲವ್ಯ, ರುಚಕ, ಶಶಕ. ಎತ್ತರ ಕ್ರಮವಾಗಿ 108, 106, 104, 100, 90 ಅಂಗುಲ (ಇಲ್ಲಿ ಅಂಗುಲವೆಂದರೆ ಇಂಚಲ್ಲ, ಬೆರಳಿನ ಅಗಲ). ಮುಖದ ಉದ್ದವನ್ನೇ ಅಳತೆಗೋಲಾಗಿ ಹಿಡಿಯುವ ಶಿಲ್ಪಿಗಳ ತಾಲಮಾನದಲ್ಲಿ ದೇವತೆಗಳಿಗೆ ದಶತಾಲ (ಹತ್ತು ಮುಖದಷ್ಟು ಎತ್ತರ), ನವತಾಲ ಇದ್ದಂತೆ ಗಿಡ್ಡ ಗಣಗಳಿಗೆ ಚತುಸ್ತಾಲವೂ (ನಾಲ್ಕು ಮುಖದಷ್ಟು) ಇದೆ. ಇವು ಎಲ್ಲರನ್ನೂ ಒಳಗೊಂಡ ಶಾಸ್ತ್ರಗಳೆಂದು ನಾನು ವಾದಿಸುತ್ತಿಲ್ಲ, ಅವಕ್ಕೂ ಅವುಗಳ ಮೇಲುಕೀಳು ಇತ್ತು. ಆದರೂ ಅವುಗಳನ್ನು ಬರೆದವರು ಮನುಷ್ಯರೆಲ್ಲ ಒಂದೇ ಅಚ್ಚು ಎಂದು ತಿಳಿದಿರಲಿಲ್ಲ. ನಿಮ್ಮ ಸಂತೆಯಲ್ಲಿ ಶಶಕನೂ ಇಲ್ಲ, ಗಣವೂ ಇಲ್ಲ.

ನಮ್ಮ ಊರಿಗೇ ಬನ್ನಿ. ಕಾಸರಗೋಡು ಪೇಟೆಯಿಂದ ಮಧುವಾಹಿನಿಯ ದಡಕ್ಕೆ ಹೋದರೆ ಮಧೂರು ದೇವಸ್ಥಾನ. ಮೂಲದಲ್ಲಿ ಅದು ಈಶ್ವರನ ಗುಡಿ. ಅರ್ಚಕರ ಮಗನೊಬ್ಬ ಆಟವಾಡುತ್ತಾ ಗರ್ಭಗುಡಿಯ ಗೋಡೆಯ ಮೇಲೆ ಗಣಪತಿಯ ಚಿತ್ರ ಬರೆದನೆಂದೂ, ಆ ಚಿತ್ರ ದಿನದಿಂದ ದಿನಕ್ಕೆ ಉಬ್ಬಿ ದೊಡ್ಡದಾಯಿತೆಂದೂ, ಹುಡುಗ ಅದನ್ನು ‘ಬೊಡ್ಡಜ್ಜ’ ಎಂದು ಕರೆದನೆಂದೂ ಸ್ಥಳಪುರಾಣ. ಅಂದರೆ ನಮ್ಮ ಸೀಮೆಯ ಅತಿ ಪ್ರಸಿದ್ಧ ಚಿತ್ರ ಒಬ್ಬ ಬಾಲಕ ಬರೆದ ತೋರದ ಮೈ. ಅದು ಬೆಳೆದದ್ದನ್ನು ಕಂಡು ಯಾರೂ ‘ಸ್ವಲ್ಪ ಸಪೂರ ಮಾಡಿ’ ಎಂದು ಹಿಂದೆ ಕಳುಹಿಸಲಿಲ್ಲ. ಅಪ್ಪವೆಂಬ ಸಿಹಿ ತಿಂಡಿಯನ್ನು ನೈವೇದ್ಯ ಮಾಡಿದರು.

ಯಕ್ಷಗಾನದಲ್ಲೂ ನೋಡಿ. ಕುಂಬಳೆ ಸೀಮೆಯ ಮಗು ನಡೆಯಲು ಕಲಿಯುವ ಮೊದಲೇ ಚೆಂಡೆಯ ಸದ್ದು ಕೇಳಿರುತ್ತದೆ. ತೆಂಕುತಿಟ್ಟಿನ ಬಣ್ಣದ ವೇಷಧಾರಿ ಮೈಗೆ ಬಟ್ಟೆ ಸುತ್ತಿ ಸುತ್ತಿ ತನ್ನ ಗಾತ್ರವನ್ನು ಹಿಗ್ಗಿಸುತ್ತಾನೆ, ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿಯಿಟ್ಟು ಅದನ್ನೂ ಹಿಗ್ಗಿಸುತ್ತಾನೆ. ತೆರೆಯ ಹಿಂದಿನಿಂದ ಆ ಗಾತ್ರ ಏಳುವಾಗ ಸಭೆಯಲ್ಲಿ ಯಾರೂ ನಗುವುದಿಲ್ಲ. ಮುಂದೆ ಕುಳಿತ ಮಕ್ಕಳು ಹಿಂದೆ ಸರಿಯುತ್ತಾರೆ. ಅಲ್ಲಿ ದೊಡ್ಡ ಮೈ ಎಂದರೆ ಗಾಂಭೀರ್ಯ. ಹಾಸ್ಯಗಾರನನ್ನು ಮೈಯ ಅಳತೆ ನೋಡಿ ಆರಿಸುವುದಿಲ್ಲ, ಮಾತಿನ ಚುರುಕು ನೋಡಿ ಆರಿಸುತ್ತಾರೆ. ಹೌದು, ಬಣ್ಣದ ವೇಷ ಹೆಚ್ಚಾಗಿ ರಾಕ್ಷಸನದ್ದೇ ಎಂದು ನೀವು ಹೇಳಬಹುದು. ಒಪ್ಪಿದೆ. ಆದರೆ ಆ ರಾಕ್ಷಸ ಗೇಲಿಯ ವಸ್ತುವಲ್ಲ, ರಾತ್ರಿಯ ಆಟದಲ್ಲಿ ಜನ ಕಾದು ಕುಳಿತು ನೋಡುವವನು ಅವನೇ.

ಹೆಣ್ಣಿನ ಮೈಯ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಯ ಚೆರುವತ್ತೂರಿನವರಾದ ಶಿಲ್ಪಿ ಕಾನಾಯಿ ಕುಂಞಿರಾಮನ್ ಅವರನ್ನು ನೆನೆಯಬೇಕು. 1969ರಲ್ಲಿ ಮಲಂಪುಳ ಅಣೆಕಟ್ಟಿನ ಉದ್ಯಾನದಲ್ಲಿ ಅವರು ಮಾಡಿದ ಸುಮಾರು 30 ಅಡಿ ಎತ್ತರದ ಯಕ್ಷಿ ಕಾಲು ಚಾಚಿ, ತನ್ನ ಭಾರವನ್ನೆಲ್ಲ ನೆಲಕ್ಕೆ ಕೊಟ್ಟು ಕುಳಿತಿದ್ದಾಳೆ. ಆಗ ಗಲಾಟೆಯೂ ಆಯಿತು. ಇಂದು ಕುಟುಂಬ ಸಮೇತ ಬಂದವರು ಅವಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ತೊಡೆ, ಆ ಹೊಟ್ಟೆಗಳನ್ನು ನೋಡಿ ಬಂದ ಮೇಲೆ ನಮ್ಮ ಪುಸ್ತಕದ ಅಮ್ಮಂದಿರು ಕಾಗದದಲ್ಲಿ ಕತ್ತರಿಸಿದವರಂತೆ ಕಾಣಿಸುವುದು ನನ್ನೊಬ್ಬಳಿಗೇ ಇರಲಾರದು.

ಇನ್ನು ಮೈಗಳ ಬಗ್ಗೆ. ಇಲ್ಲಿ ಸ್ವಲ್ಪ ಉದ್ದವಾಗಿ ಹೇಳಬೇಕು, ಏಕೆಂದರೆ ‘ವೈವಿಧ್ಯ ಬೇಕು’ ಎಂದರೆ ಚಿತ್ರಕಾರರು ಮಾಡುವುದೇನೆಂದು ನನಗೆ ಗೊತ್ತಿದೆ. ಒಬ್ಬನನ್ನು ಉದ್ದ ಎಳೆಯುತ್ತಾರೆ, ಇನ್ನೊಬ್ಬನನ್ನು ಅಡ್ಡ ಎಳೆಯುತ್ತಾರೆ. ಸಪೂರ ಮನುಷ್ಯನ ಹೊಟ್ಟೆಗೆ ಅಕ್ಕಿಮುಡಿ ಕಟ್ಟಿದ ಹಾಗೆ ಒಂದು ಗುಂಡು ಸೇರಿಸಿ ಮುಗಿಸುತ್ತಾರೆ. ಕೊಬ್ಬು ಹಾಗೆ ಒಂದೇ ಕಡೆ ಕೂರುವುದಿಲ್ಲ. ಗಂಡಸರಿಗೆ ಹೆಚ್ಚಾಗಿ ಹೊಟ್ಟೆಯಲ್ಲಿ, ಹೆಂಗಸರಿಗೆ ಸೊಂಟ ಮತ್ತು ತೊಡೆಯಲ್ಲಿ. ಮುಟ್ಟು ನಿಂತ ಮೇಲೆ ಅವರಿಗೂ ಹೊಟ್ಟೆಯ ಕಡೆಗೆ. ತೋಳಿನ ಹಿಂಭಾಗ, ಗಲ್ಲದ ಕೆಳಗೆ, ಬೆನ್ನಿನಲ್ಲಿ ಕುಪ್ಪಸದ ಅಂಚಿನ ಮೇಲೆ ಅದು ಕಾಣುತ್ತದೆ. ಮೊಣಕೈ, ಮಣಿಕಟ್ಟು, ಮೊಣಕಾಲ ಕೆಳಗಿನ ಮೂಳೆಯ ಮೇಲೆ ಕಡಿಮೆ, ಹಾಗಾಗಿ ಎಷ್ಟೇ ತೋರದವರಲ್ಲೂ ಅಲ್ಲಿ ಮೂಳೆಯ ಗುರುತು ಸಿಗುತ್ತದೆ. ಹೊಟ್ಟೆಯ ಭಾರ ಮುಂದಕ್ಕೆ ಎಳೆಯುವುದರಿಂದ ಮೇಲ್ಭಾಗ ತುಸು ಹಿಂದಕ್ಕೆ ವಾಲುತ್ತದೆ, ಪಾದಗಳು ಅಗಲವಾಗಿ ಊರುತ್ತವೆ. ತುಂಬು ಗರ್ಭಿಣಿ ನಿಲ್ಲುವುದೂ ಹೀಗೆಯೇ. ಪುಸ್ತಕದ ಗರ್ಭಿಣಿ ಮಾತ್ರ ಸಿಪಾಯಿಯಂತೆ ನಿಂತಿರುತ್ತಾಳೆ. ಕುಳಿತಾಗ ಹೊಟ್ಟೆ ತೊಡೆಯ ಮೇಲೆ ಒರಗುತ್ತದೆ, ಮಡಿಕೆ ಬೀಳುತ್ತದೆ. ಸಪೂರದವರು ಬಾಗಿದರೂ ಮಡಿಕೆ ಬೀಳುತ್ತದೆ ಎಂಬುದನ್ನು ನೀವೇ ಕುಳಿತಲ್ಲೇ ಪರೀಕ್ಷಿಸಬಹುದು.

ದುಡಿಮೆ ಮೈಯನ್ನು ತಿದ್ದುವ ಬಗೆಯಂತೂ ಯಾವ ಮೂರು ಗುಂಪಿಗೂ ಸಿಗುವುದಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವವರನ್ನು ನೋಡಿ. ಕಾಲಿಗೆ ತಳೆ ಹಾಕಿ ಮರವೇರಿ, ತುದಿಯಲ್ಲೇ ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುವವರು. ಸಿನಿಮಾ ನಾಯಕನ ಎದೆ ಅವರಿಗಿಲ್ಲ. ಒಣಗಿದ ಮೈ, ಆದರೆ ಮುಂಗೈ ಹುರಿಗೊಂಡಿರುತ್ತದೆ, ಪಾದ ಅಗಲ, ಬೆರಳುಗಳು ಬಿಡಿಬಿಡಿ. ಮಂಜೇಶ್ವರ, ಕುಂಬಳೆಯ ಕಡಲ ಬದಿಯಲ್ಲಿ ಬಲೆ ಎಳೆಯುವವರ ಭುಜ, ಬೆನ್ನು ಅಗಲ. ಅದೇ ಮೈಗೆ ಒಳ್ಳೆಯ ಹೊಟ್ಟೆಯೂ ಇರುತ್ತದೆ. ಶೆಲ್ಡನ್ ಇವರನ್ನು ಯಾವ ಕೋಣೆಯಲ್ಲಿ ಕೂರಿಸುತ್ತಿದ್ದನೋ. ಬೀಡಿ ಕಟ್ಟುವ ಹೆಂಗಸರು ಜಗಲಿಯಲ್ಲಿ ಕಾಲು ನೀಡಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ವರ್ಷಗಟ್ಟಲೆ ಬಾಗಿ ಕುಳಿತವರು. ಎದ್ದು ನಡೆಯುವಾಗಲೂ ಕುತ್ತಿಗೆ ತುಸು ಮುಂದೆಯೇ ಇರುತ್ತದೆ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತವರದ್ದು ಇದಕ್ಕೆ ತದ್ವಿರುದ್ಧ: ತಲೆ ಅಲುಗುವುದಿಲ್ಲ, ಅದರ ಕೆಳಗೆ ಸೊಂಟವೇ ಎಲ್ಲ ತೂಕವನ್ನು ಸರಿದೂಗಿಸುತ್ತದೆ. ಕೆಂಪುಕಲ್ಲಿನ ಕ್ವಾರಿಯಲ್ಲಿ ಕಲ್ಲು ಎತ್ತುವವನ ಒಂದು ಭುಜ ಇನ್ನೊಂದಕ್ಕಿಂತ ಕೆಳಗಿರುತ್ತದೆ. ಹರಿತ ಕರ್ಮ ಸೇನೆಯ ಹಸಿರು ಕೋಟು ತೊಟ್ಟು ಮನೆಮನೆಯ ಪ್ಲಾಸ್ಟಿಕ್ ಒಯ್ಯುವ ಹೆಂಗಸರಲ್ಲಿ ಒಬ್ಬರ ಮೈ ಇನ್ನೊಬ್ಬರಂತಿಲ್ಲ. ಸಮವಸ್ತ್ರ ಒಂದೇ ಇರುವುದರಿಂದ ಆ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಚಿತ್ರ ಕಲಿಯುವ ಮಕ್ಕಳಿಗೆ ನಾನು ಮೊದಲು ಬರೆಯಲು ಹೇಳುವುದು ಅವರನ್ನೇ.

ಮುದುಕರನ್ನು ಬರೆಯುವುದು ನಿಮ್ಮ ಚಿತ್ರಕಾರರಿಗೆ ಬರುವುದೇ ಇಲ್ಲ ಎಂದು ಹೇಳಿದರೆ ಕೋಪಿಸಿಕೊಳ್ಳಬೇಡಿ. ವಯಸ್ಸಾದಂತೆ ಬೆನ್ನೆಲುಬಿನ ನಡುವಿನ ಮೆತ್ತೆಗಳು ತೆಳುವಾಗಿ ಎತ್ತರ ಇಳಿಯುತ್ತದೆ, ಬೆನ್ನು ಬಾಗುತ್ತದೆ, ತಲೆ ಮುಂದೆ ಚಾಚುತ್ತದೆ, ಮೊಣಕಾಲು ಪೂರ್ತಿ ನೇರವಾಗುವುದಿಲ್ಲ. ಕೈಯ ಉದ್ದ ಹಾಗೆಯೇ ಇರುವುದರಿಂದ ಕೈಗಳು ಉದ್ದವಾದಂತೆ ತೋರುತ್ತವೆ. ಕಿವಿ, ಮೂಗು ದೊಡ್ಡದಾಗಿ ಕಾಣುತ್ತವೆ. ಇಷ್ಟನ್ನು ಗಮನಿಸಿದರೆ ಬಿಳಿ ಕೂದಲು ಬೇಕಾಗುವುದೇ ಇಲ್ಲ. ಕಪ್ಪು ಬಣ್ಣ ಹಚ್ಚಿಕೊಂಡ ಅಜ್ಜಂದಿರನ್ನೂ ನೆರಳಿನಲ್ಲೇ ಗುರುತಿಸಬಹುದು.

ಮಕ್ಕಳ ವಿಷಯದಲ್ಲಿ ಒಂದೇ ಮಾತು. ಹೆಣ್ಣುಮಕ್ಕಳ ಬೆಳವಣಿಗೆಯ ಜಿಗಿತ ಗಂಡುಮಕ್ಕಳಿಗಿಂತ ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ಆರನೇ ತರಗತಿಯ ಯಾವ ಕೋಣೆಗೆ ಹೋದರೂ ಕೊನೆಯ ಬೆಂಚಿನಲ್ಲಿ ಎತ್ತರದ ಹುಡುಗಿಯರಿರುತ್ತಾರೆ, ಮುಂದಿನ ಬೆಂಚಿನಲ್ಲಿ ಅವರ ಭುಜಕ್ಕೂ ಬಾರದ ಹುಡುಗರಿರುತ್ತಾರೆ. ಆರನೇ ತರಗತಿಯ ಪುಸ್ತಕದಲ್ಲಿ ಅಣ್ಣನಾಗಲಿ ಗೆಳೆಯನಾಗಲಿ ಹುಡುಗನೇ ಯಾವಾಗಲೂ ಒಂದು ಗೇಣು ಎತ್ತರ. ಬೆನ್ನು ಬಾಗಿಸಿ ನಡೆಯುವ ಎತ್ತರದ ಹುಡುಗಿಯರನ್ನು ನಾನು ಬಹಳ ಕಂಡಿದ್ದೇನೆ. ಅವರಿಗಾಗಿ ಒಂದು ಚಿತ್ರವನ್ನು ತಿದ್ದಲು ಎಷ್ಟು ಶಾಯಿ ಬೇಕು?

ಇಷ್ಟು ಹೊತ್ತು ಹೇಳಿದ್ದನ್ನು ಬೇರೆ ಯಾವ ಊರಿನವರೂ ಹೇಳಬಹುದಿತ್ತೇನೋ. ಮುಂದಿನದ್ದನ್ನು ಕಾಸರಗೋಡಿನವರೇ ಹೇಳಬೇಕು.

1970ರ ದಶಕದ ಕೊನೆಯಿಂದ 2000ದವರೆಗೆ ಈ ಜಿಲ್ಲೆಯ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು, ದಕ್ಷಿಣದಲ್ಲಿ ಪುಲ್ಲೂರು ಪೆರಿಯ, ಅಜಾನೂರು ಮೊದಲಾದ ಪಂಚಾಯಿತಿಗಳ ಹೆಸರು ದೇಶಕ್ಕೆಲ್ಲ ತಿಳಿದದ್ದು ಹಾಗೆ. 2011ರಲ್ಲಿ ಸುಪ್ರೀಂ ಕೋರ್ಟ್ ಈ ವಿಷವನ್ನು ದೇಶದಾದ್ಯಂತ ತಡೆಯಿತು. ಮಕ್ಕಳ ಮೈಗೆ ಕೇಡಾಯಿತೆಂದು ಇದರ ವಿರುದ್ಧ ನಡೆದ ಹೋರಾಟದಲ್ಲಿ ಫೋಟೊಗಳು ದೊಡ್ಡ ಪಾತ್ರ ವಹಿಸಿದವು. ತಲೆ ದೊಡ್ಡದಾದ ಶಿಶುಗಳು, ತಿರುಚಿದ ಕೈಕಾಲುಗಳು, ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಂದಿರು. ಆ ಫೋಟೊಗಳು ಬೇಕಿದ್ದವು. ಅವಿಲ್ಲದಿದ್ದರೆ ನಮ್ಮ ಮಾತನ್ನು ದೆಹಲಿಯಲ್ಲಿ ಯಾರೂ ಕೇಳುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಆದರೆ ಆಮೇಲೆ ಏನಾಯಿತು? ಆ ಮೈಗಳು ಸಾಕ್ಷಿಯಾಗಿಯೇ ಉಳಿದುಬಿಟ್ಟವು. ಚಿತ್ರಕಲಾ ಸ್ಪರ್ಧೆಗೆ ‘ಪರಿಸರ’ ಎಂಬ ವಿಷಯ ಕೊಟ್ಟರೆ ನಮ್ಮ ಮಕ್ಕಳು ಹೆಲಿಕಾಪ್ಟರ್ ಬರೆದು ಅದರ ಕೆಳಗೆ ಅಂಥ ಒಂದು ಮಗುವನ್ನು ಬರೆಯುತ್ತಾರೆ. ‘ನನ್ನ ಊರಿನ ಜಾತ್ರೆ’ ಎಂಬ ವಿಷಯ ಕೊಟ್ಟರೆ ಆ ಮಗು ಎಲ್ಲೂ ಇರುವುದಿಲ್ಲ.

ಅದೇ ಮಗು ಜಾತ್ರೆಗೆ ಬರುತ್ತದೆ, ನಾನು ನೋಡಿದ್ದೇನೆ. ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆಗಳ ವಾರ್ಷಿಕೋತ್ಸವಕ್ಕೆ ಒಮ್ಮೆ ಹೋಗಿ. ಅಲ್ಲಿಯ ಮಕ್ಕಳು ಹಾಡಿಗೆ ಕೈ ಬಡಿಯುತ್ತಾರೆ, ಇಷ್ಟವಾಗದ ತಿಂಡಿಯನ್ನು ದೂಡುತ್ತಾರೆ, ಒಬ್ಬರ ಗಾಲಿಕುರ್ಚಿಯನ್ನು ಇನ್ನೊಬ್ಬರು ಬೇಕೆಂದೇ ಅಡ್ಡ ತಿರುಗಿಸುತ್ತಾರೆ. ತುಂಟತನಕ್ಕೆ ಮೈಕಟ್ಟಿನ ಹಂಗಿಲ್ಲ. ನಿಮ್ಮ ಪುಸ್ತಕಗಳಲ್ಲಿ ಅಂಗವಿಕಲ ಮಗು ಬರುವುದು ‘ಸಹಾಯ ಮಾಡೋಣ’ ಎಂಬ ಪಾಠದಲ್ಲಿ ಮಾತ್ರ, ಅದೂ ಸಹಾಯ ಪಡೆಯುವವನಾಗಿ. 2011ರ ಜನಗಣತಿ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಎಣಿಸಿದೆ. ಇಷ್ಟು ಜನರಲ್ಲಿ ಒಬ್ಬರೂ ಚೀಟಿ ಹಿಡಿದು ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲುವುದಿಲ್ಲವೇ? ಮಗ್ಗಿ ತಪ್ಪು ಹೇಳಿ ಬೈಗುಳ ತಿನ್ನುವುದಿಲ್ಲವೇ? ಸಂತೆಯ ಚಿತ್ರದಲ್ಲಿ ಕಡ್ಲೆ ಕೊಳ್ಳುತ್ತಿರುವ ಹುಡುಗನ ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಇರಲಿ. ಅದರ ಬಗ್ಗೆ ಪಾಠದಲ್ಲಿ ಒಂದು ಸಾಲೂ ಬೇಡ.

ಬರೆಯುವಾಗ ಸರಿಯಾಗಿ ಬರೆಸಿ. ಚಿತ್ರಕಾರರು ಊರುಗೋಲನ್ನು ನೋವಿರುವ ಕಾಲಿನ ಬದಿಯ ಕೈಯಲ್ಲಿ ಹಿಡಿಸುತ್ತಾರೆ. ಸಾಮಾನ್ಯವಾಗಿ ಅದನ್ನು ಹಿಡಿಯುವುದು ಇನ್ನೊಂದು ಬದಿಯ ಕೈಯಲ್ಲಿ. ಗಾಲಿಕುರ್ಚಿಯೆಂದರೆ ಆಸ್ಪತ್ರೆಯ ವರಾಂಡದಲ್ಲಿರುವ, ಮಗು ಮುಳುಗಿಹೋಗುವಷ್ಟು ದೊಡ್ಡ ಕುರ್ಚಿಯನ್ನೇ ಬರೆಯುತ್ತಾರೆ. ನಿತ್ಯ ಬಳಸುವ ಮಗುವಿಗೆ ಅದರ ಮೈ ಅಳತೆಗೆ ಮಾಡಿದ ಕುರ್ಚಿ ಬೇಕು, ಚಿತ್ರದಲ್ಲೂ.

ಒಂದು ಆಕ್ಷೇಪವನ್ನು ನಾನು ಪದೇಪದೇ ಕೇಳಿದ್ದೇನೆ: ದಪ್ಪ ಮೈಯನ್ನು ಚೆನ್ನಾಗಿ ತೋರಿಸಿದರೆ ಮಕ್ಕಳು ಅದನ್ನೇ ಆದರ್ಶ ಎಂದುಕೊಳ್ಳುತ್ತಾರೆ, ಆರೋಗ್ಯದ ಪಾಠ ಹಾಳಾಗುತ್ತದೆ. ಆರೋಗ್ಯದ ಪಾಠವನ್ನು ಆರೋಗ್ಯದ ಪುಟದಲ್ಲಿ ಧಾರಾಳವಾಗಿ ಮಾಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 38ರಷ್ಟು ಮಂದಿ ಅಧಿಕ ತೂಕದವರು. ಅದೇ ಕೇರಳದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 23ರಷ್ಟು ಮಂದಿಯ ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲ. ಈ ಅಮ್ಮಂದಿರೂ ಈ ಮಕ್ಕಳೂ ಒಂದೇ ಮನೆಯಲ್ಲಿರಬಹುದು. ಅವರನ್ನು ಪುಸ್ತಕದಿಂದ ಅಳಿಸಿದರೆ ಅವರ ತೂಕ ಇಳಿಯುವುದೂ ಇಲ್ಲ, ಎತ್ತರ ಏರುವುದೂ ಇಲ್ಲ. ಮಗು ಪುಸ್ತಕ ತೆರೆದಾಗ ತನ್ನ ಅಮ್ಮನಂಥವರು ಯಾರೂ ಇಲ್ಲ, ಇದ್ದರೆ ನಗೆಪಾಟಲಿಗೆ ಮಾತ್ರ ಎಂಬುದನ್ನಷ್ಟೇ ಕಲಿಯುತ್ತದೆ.

ಇನ್ನೊಂದು ಆಕ್ಷೇಪ ನಮ್ಮವರದ್ದೇ, ವ್ಯಂಗ್ಯಚಿತ್ರಕಾರರದ್ದು. ಉತ್ಪ್ರೇಕ್ಷೆ ಇಲ್ಲದೆ ಪಾತ್ರವೇ ಇಲ್ಲ ಎನ್ನುತ್ತಾರೆ. ಒಪ್ಪುತ್ತೇನೆ. ನೈಜವಾಗಿ ಬರೆಯುವುದೆಂದರೆ ಚರ್ಮದ ರಂಧ್ರಗಳನ್ನು ಎಣಿಸುವುದೆಂದು ನಾನು ಹೇಳುತ್ತಿಲ್ಲ. ಐದು ಗೆರೆಯಲ್ಲೂ ಭಾರ ಎಲ್ಲಿ ಬೀಳುತ್ತದೆ ಎಂದು ತೋರಿಸಬಹುದು, ಐನೂರು ಗೆರೆ ಎಳೆದೂ ತಪ್ಪಿಸಬಹುದು. ಉಬ್ಬಿಸಿ, ಎಳೆಯಿರಿ, ಕುಗ್ಗಿಸಿ. ಆದರೆ ಒಬ್ಬ ವ್ಯಕ್ತಿಯನ್ನು ನೋಡಿ ಅವನದ್ದನ್ನು ಉಬ್ಬಿಸಿ. ಈಗ ಆಗುತ್ತಿರುವುದು ಇನ್ನೊಬ್ಬರ ಉತ್ಪ್ರೇಕ್ಷೆಯ ನಕಲು.

ಹಾಗಾದರೆ ಏನು ಮಾಡಬೇಕು? ಚಿತ್ರಕಾರರಿಗೆ ನೀವು ಕೊಡುವ ಸೂಚನೆಯ ಹಾಳೆಯಲ್ಲಿ ಈಗ ಇರುವುದು ‘ಸಂತೆ, 10 ಜನ, ಸಂತೋಷದ ವಾತಾವರಣ’ ಎಂಬಷ್ಟೇ. ಅಲ್ಲಿ ಪ್ರತಿಯೊಬ್ಬರ ವಯಸ್ಸು, ಕಸುಬು, ಮೈಕಟ್ಟು ಬರೆಯಿರಿ. ಮೈಕಟ್ಟನ್ನು ಪಾತ್ರದ ಗುಣ ನಿರ್ಧರಿಸುವ ಮೊದಲೇ ಬರೆಯಿರಿ, ಬೇಕಿದ್ದರೆ ಚೀಟಿ ಎತ್ತಿ. ಆಗ ಡಾಕ್ಟರ್ ಕುಳ್ಳಗೆ ಅಗಲವಾಗಿ ಬರಬಹುದು, ಕಳ್ಳ ಸುಂದರನಾಗಿ ಬರಬಹುದು, ಓಟದಲ್ಲಿ ಗೆದ್ದವಳು ನೀವು ಎಣಿಸಿರದ ಮೈಯವಳಾಗಿರಬಹುದು. ಚಿತ್ರಗಳು ಬಂದ ಮೇಲೆ ಪುಸ್ತಕದ ಎಲ್ಲ ಪಾತ್ರಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಒಳಗೆಲ್ಲ ಕಪ್ಪು ತುಂಬಿಸಿ ನೋಡಿ. ಅನಿಮೇಷನ್‌ನವರಿಗೆ ಇದು ಹಳೆಯ ಪದ್ಧತಿ, ಪುಸ್ತಕದವರೇಕೆ ಮಾಡುವುದಿಲ್ಲವೋ ತಿಳಿಯದು. ಬರೀ ನೆರಳಿನಲ್ಲಿ ಯಾರು ಯಾರೆಂದು ಗುರುತು ಸಿಗದಿದ್ದರೆ ಚಿತ್ರಗಳನ್ನು ಹಿಂದೆ ಕಳುಹಿಸಿ. ಆದರೆ ಹಿಂದೆ ಕಳುಹಿಸುವವರು ಮೊದಲೇ ನೋಡಲು ಸಮಯ ಕೊಟ್ಟಿರಬೇಕು. ಬಸ್ ನಿಲ್ದಾಣದಲ್ಲಿ, ಮೀನು ಮಾರುಕಟ್ಟೆಯಲ್ಲಿ, ಸರ್ಕಾರಿ ಅರ್ಜಿ ಸಲ್ಲಿಸುವ ಅಕ್ಷಯ ಕೇಂದ್ರದ ಸರದಿಯಲ್ಲಿ ಕುಳಿತು ಸ್ಕೆಚ್ ಮಾಡಿದ ದಿನಗಳಿಗೂ ಸಂಭಾವನೆ ಕೊಡಿ. ಅದು ಚಿತ್ರಕಾರನ ಹವ್ಯಾಸವಲ್ಲ, ನಿಮ್ಮ ಪುಸ್ತಕದ ಕೆಲಸ. ಮತ್ತೆ, ಜನರನ್ನು ಅವರ ಒಪ್ಪಿಗೆ ಕೇಳಿ ಬರೆಯುವ ರೂಢಿಯೂ ಇರಲಿ. ನಮ್ಮ ಊರಿನವರನ್ನು ಕೇಳದೆಯೇ ಬಹಳ ಫೋಟೊ ತೆಗೆದಾಗಿದೆ.

ಮುಂದಿನ ಬಾರಿ ಪುಸ್ತಕ ಪರಿಷ್ಕರಿಸುವಾಗ ಚಿತ್ರಕಾರರ ಕಾರ್ಯಾಗಾರವನ್ನು ರಾಜಧಾನಿಯ ಹವಾನಿಯಂತ್ರಿತ ಸಭಾಂಗಣದ ಬದಲು ಇಲ್ಲಿ ಇಟ್ಟುಕೊಳ್ಳಿ. ಬದಿಯಡ್ಕ, ಮುಳ್ಳೇರಿಯ, ಕುಂಬಳೆ ಎಲ್ಲಾದರೂ ಸರಿ. ಶಾಲೆಯ ಒಂದು ಕೋಣೆ, ಬೆಂಚುಗಳು, ಮಧ್ಯಾಹ್ನದ ಊಟಕ್ಕೆ ಕುಟುಂಬಶ್ರೀ ಮಹಿಳಾ ಸಂಘದವರ ಹೋಟೆಲು ಇಷ್ಟು ಸಾಕು. ಎದುರು ಕುಳಿತು ಚಿತ್ರ ಬರೆಸಿಕೊಳ್ಳಲು ಒಪ್ಪುವವರನ್ನು ಹುಡುಕುವ ಕೆಲಸ ನನಗಿರಲಿ. ಅಡಿಕೆ ತೆಗೆಯುವವರನ್ನು ಮಾತ್ರ ಸುಗ್ಗಿಯಲ್ಲಿ ಕರೆಯಬೇಡಿ, ಬರುವುದಿಲ್ಲ. ಕುಳಿತವರಿಗೂ ದಿನದ ಕೂಲಿ ಕೊಡಬೇಕಾಗುತ್ತದೆ; ಅದನ್ನು ಅಂದಾಜು ಪಟ್ಟಿಯಲ್ಲಿ ಈಗಲೇ ಸೇರಿಸಿಕೊಳ್ಳಿ.

ಇತಿ,
ಬದಿಯಡ್ಕ ಕಡೆಯ ಒಬ್ಬ ಚಿತ್ರ ಕಲಾವಿದೆ